ನೇಟಿವ್ ಎಂದರೆ ಯಾವ ಊರು ಬರೆಯಬೇಕು?

ಪ್ರಶ್ನೆ: ಮಾಷ್ಟ್ರೇ, ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಮಗಳು ಪ್ಲಸ್ ಟು ಮುಗಿಸಿದ್ದಾಳೆ, ಮನೆ ತುಂಬ ಅರ್ಜಿ ಫಾರಂಗಳು. ಒಂದರಲ್ಲಿ ‘ನೇಟಿವಿಟಿ’ ಕೇಳಿದ್ದಾರೆ, ಇನ್ನೊಂದರಲ್ಲಿ ‘ಡೊಮಿಸೈಲ್’, ಮತ್ತೊಂದರಲ್ಲಿ ಬರೀ ‘ನೇಟಿವ್’ ಎಂದು ಬರೆದು ಗೆರೆ ಎಳೆದಿದ್ದಾರೆ. ಯಜಮಾನರು ಅವರ ತಂದೆಯ ತಂದೆ ಬಂದ ಊರೆಂದು ಗಡಿಯಾಚೆ ಕರ್ನಾಟಕದ ವಿಟ್ಲ ಬರೆಯಬೇಕೆನ್ನುತ್ತಾರೆ. ನಾನು ಪೆರ್ಲ ಎನ್ನುತ್ತೇನೆ. ನಮ್ಮದು ಅಳಿಯಕಟ್ಟಿನ ಕುಟುಂಬ, ತಾಯಿಯ ಕಡೆಯಿಂದ ಸಾಗುವುದು. ಅತ್ತೆಯವರು ‘ನಮ್ಮ ಮೂಲ ಕುಂಬಳೆಯ ತರವಾಡು, ಅದನ್ನೇ ಬರೆಯಿರಿ’ ಎಂದು ಹಟ ಹಿಡಿದಿದ್ದಾರೆ. ಮೊಬೈಲಿನ ಆ್ಯಪ್ ಒಂದು ನೇಟಿವ್ ಲಾಂಗ್ವೇಜ್ ಕೇಳಿತು. ನಾವು ಮನೆಯಲ್ಲಿ ಆಡುವುದು ತುಳು, ಅದು ಪಟ್ಟಿಯಲ್ಲೇ ಇರಲಿಲ್ಲ. ಇಷ್ಟರ ಮೇಲೆ ನನ್ನ ಅಣ್ಣನ ಮಗ ‘ನೇಟಿವ್ ಎನ್ನುವುದು ಬೈಗುಳ, ಬ್ರಿಟಿಷರು ನಮ್ಮನ್ನು ಹಾಗೆ ಕರೆಯುತ್ತಿದ್ದರು’ ಎಂದ. ಯಾರು ಸರಿ?

ಉತ್ತರ: ನಿಮ್ಮ ಮನೆಯ ಮೂವರೂ ಸರಿ. ಮೂವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದೀರಿ, ಅಷ್ಟೇ. ಅಣ್ಣನ ಮಗ ಹೇಳಿದ್ದೂ ಮುಕ್ಕಾಲು ಪಾಲು ಸರಿ. ನೇಟಿವ್ ಎನ್ನುವ ಒಂದೇ ಪದಕ್ಕೆ ಇಂಗ್ಲಿಷಿನವರು ಕಡಿಮೆಯೆಂದರೂ ನಾಲ್ಕು ಕೆಲಸ ಒಪ್ಪಿಸಿದ್ದಾರೆ: ಎಲ್ಲಿ ಹುಟ್ಟಿದಿರಿ, ಯಾವ ವಂಶದವರು, ಎಲ್ಲಿ ನೆಲೆಸಿದ್ದೀರಿ, ಮೊದಲು ಕಲಿತ ಮಾತು ಯಾವುದು. ಲಂಡನ್ನಿನ ಗುಮಾಸ್ತನಿಗೆ ಈ ನಾಲ್ಕಕ್ಕೂ ಹೆಚ್ಚು ಕಡಿಮೆ ಒಂದೇ ಉತ್ತರ ಇದ್ದಿರಬಹುದು. ಕಾಸರಗೋಡಿನವರಿಗೆ ನಾಲ್ಕು ಉತ್ತರ ಇರುವುದೇ ಸಹಜ. ಆದ್ದರಿಂದ ಫಾರಂ ಕೈಗೆ ಬಂದಾಗ ಪೆನ್ನು ತೆಗೆಯುವ ಮೊದಲು, ಈ ಕಚೇರಿಗೆ ನಾಲ್ಕರಲ್ಲಿ ಯಾವುದು ಬೇಕಾಗಿದೆ ಎಂದು ನೋಡಿಕೊಳ್ಳಬೇಕು.

ಪದದ ಹುಟ್ಟಿನಿಂದ ಶುರು ಮಾಡೋಣ. ಲ್ಯಾಟಿನ್‌ನಲ್ಲಿ ‘ನಾಸ್ಕಿ’ ಎಂದರೆ ಹುಟ್ಟುವುದು, ‘ನಾಟುಸ್’ ಎಂದರೆ ಹುಟ್ಟಿದವನು. ಅದರ ಇನ್ನೂ ಹಳೆಯ ರೂಪ ‘ಗ್ನಾಟುಸ್’. ಸಂಸ್ಕೃತದ ‘ಜಾತ’ ಇದರ ಒಡಹುಟ್ಟು. ಜನನ, ಜನ್ಮ, ಜನ, ಜಾತಿ ಎಲ್ಲವೂ ಒಂದೇ ಬೇರಿನವು. ಆ ಕಡೆ ನೇಷನ್, ನೇಚರ್, ನೇಟಿವ್ ಎಲ್ಲವೂ ಅದೇ ಬೇರಿನವು. ಫ್ರೆಂಚರ ಬಾಯಲ್ಲಿ ಇದೇ ಪದ ಸವೆದು ‘ನಾಯಿವ್’ ಆಯಿತು: ಹುಟ್ಟಿದ ಹಾಗೆಯೇ ಉಳಿದವನು, ಲೋಕ ಅರಿಯದವನು. ನೇಟಿವಿಟಿ ಎಂದರೆ ಇಂಗ್ಲಿಷಿನಲ್ಲಿ ಮೊದಲಿಗೆ ಯೇಸುವಿನ ಜನನ. ಕ್ರಿಸ್ಮಸ್ ಹೊತ್ತಿಗೆ ಇಗರ್ಜಿಯ ಮುಂದೆ ಮಾಡಿಡುವ ಗೋದಲಿಗೆ ಇಂಗ್ಲಿಷಿನವರು ಇಂದಿಗೂ ಆ ಹೆಸರನ್ನೇ ಬಳಸುತ್ತಾರೆ. ಜ್ಯೋತಿಷಿಗಳ ನಡುವೆ ಅದೇ ಪದಕ್ಕೆ ಜನ್ಮಕುಂಡಲಿ ಎಂಬ ಅರ್ಥವೂ ಇತ್ತು. ಹಾಗೆ ನೋಡಿದರೆ ನಮ್ಮ ವಿಲೇಜ್ ಆಫೀಸಿನಿಂದ ನಾವು ತರುವ ನೇಟಿವಿಟಿ ಸರ್ಟಿಫಿಕೇಟ್ ಸರಕಾರಿ ಮೊಹರು ಬಿದ್ದ ಜಾತಕ. ಗ್ರಹಗತಿ ಮಾತ್ರ ಹಾಕಿಕೊಡುವುದಿಲ್ಲ.

ಇನ್ನು ಬೈಗುಳದ ವಿಚಾರ. ಬ್ರಿಟಿಷರು ಇಲ್ಲಿಗೆ ಬರುವುದಕ್ಕೆ ಬಹಳ ಮೊದಲೇ, ಅವರದೇ ನಾಡಿನಲ್ಲಿ ಈ ಪದಕ್ಕೆ ಕಳಂಕ ತಟ್ಟಿತ್ತು. ಮಧ್ಯಯುಗದ ಇಂಗ್ಲೆಂಡಿನ ಕಾನೂನು ಕಾಗದಗಳಲ್ಲಿ ‘ನಾಟಿವುಸ್’ ಎಂದರೆ ಹುಟ್ಟಿನಿಂದಲೇ ಒಡೆಯನ ಭೂಮಿಗೆ ಕಟ್ಟುಬಿದ್ದ ಆಳು. ಆತ ಓಡಿಹೋದರೆ ಹಿಡಿದು ತರಿಸಿಕೊಳ್ಳಲು ಒಡೆಯನಿಗೆ ರಾಜನ ಹೆಸರಿನ ಆಜ್ಞಾಪತ್ರವೇ ಸಿಗುತ್ತಿತ್ತು. ಭಾರತೀಯ ಭಾಷೆಗಳನ್ನು ಹೆಸರಿಸಲು ಅವರು ಬಳಸಿದ ‘ವರ್ನಾಕ್ಯುಲರ್’ ಪದದ ಒಳಗೂ ಇಂಥದೇ ಆಳೊಬ್ಬನಿದ್ದಾನೆ: ಲ್ಯಾಟಿನ್‌ನಲ್ಲಿ ‘ವೆರ್ನಾ’ ಎಂದರೆ ಯಜಮಾನನ ಮನೆಯಲ್ಲೇ ಹುಟ್ಟಿದ ಗುಲಾಮ. 1878ರಲ್ಲಿ ದೇಶಭಾಷಾ ಪತ್ರಿಕೆಗಳ ಬಾಯಿ ಮುಚ್ಚಿಸಲು ತಂದ ಕಾಯ್ದೆಯ ಹೆಸರಿನಲ್ಲೂ ಈ ಪದವೇ ಇತ್ತು.

ಇಲ್ಲಿಗೆ ಬಂದ ಮೇಲೆ ಅವರು ನೇಟಿವ್ ಎಂಬುದನ್ನು ಬೇಕಾದಷ್ಟು ಹಂಚಿದರು. ಸಿಪಾಯಿಗಳ ದಂಡು ‘ಮದ್ರಾಸ್ ನೇಟಿವ್ ಇನ್ಫೆಂಟ್ರಿ’. ಮೈಸೂರು ‘ನೇಟಿವ್ ಸ್ಟೇಟ್’. 1885ರಲ್ಲಿ ಸೈನ್ಯದ ದಳಗಳ ಹೆಸರಿನಿಂದ ಆ ಪದವನ್ನು ಕಿತ್ತುಹಾಕಿದರು. 1935ರ ಭಾರತ ಸರಕಾರ ಕಾಯ್ದೆಯ ಹೊತ್ತಿಗೆ ಸಂಸ್ಥಾನಗಳೂ ‘ಇಂಡಿಯನ್ ಸ್ಟೇಟ್’ ಆಗಿದ್ದವು. ಪದ ಕುಟುಕುತ್ತಿದೆ ಎಂಬುದು ಆಳುವವರಿಗೂ ತಿಳಿದಿತ್ತು ಎಂದೇ ಇದರ ಅರ್ಥ. ಇವತ್ತಿಗೂ ಇಂಗ್ಲಿಷಿನಲ್ಲಿ ‘ಮಂಗಳೂರಿನ ನೇಟಿವ್’ ಎಂದರೆ ಯಾರಿಗೂ ನೋವಿಲ್ಲ. ಊರಿನ ಹೆಸರಿಲ್ಲದೆ ‘ನೇಟಿವ್‌ಗಳು’ ಎಂದರೆ ಹಳೆಯ ದೊರೆಯ ದನಿ ಕೇಳಿಸುತ್ತದೆ. ಅಣ್ಣನ ಮಗನಿಗೆ ಇಷ್ಟು ಹೇಳಿ. ಆದರೆ ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ‘ರಜೆಗೆ ನೇಟಿವ್‌ಗೆ ಹೋಗುತ್ತೇನೆ’ ಎನ್ನುವವನನ್ನು ತಿದ್ದಲು ಹೊರಡುವುದು ಬೇಡ. ಅದು ಭಾರತದ ಇಂಗ್ಲಿಷ್, ಅಲ್ಲಿ ನೇಟಿವ್ ಎಂದರೆ ಊರು. ತಮಿಳರ ‘ಸೊಂದ ಊರ್’, ಮಲಯಾಳಿಗಳ ‘ನಾಡ್’, ಸೊಲ್ಲಾಪುರದ ಕಡೆಯವರ ‘ಮೂಳ ಗಾಂವ್’, ನಮ್ಮ ತುಳುವಿನ ‘ಈರೆನ ಊರು ಓಲು?’ ಎಲ್ಲಕ್ಕೂ ಒಂದೇ ಇಂಗ್ಲಿಷ್ ಟೋಪಿ. ದುಬೈಯಲ್ಲಿ ಹುಟ್ಟಿದ ಹುಡುಗನೂ ಉಪ್ಪಳವನ್ನು ತನ್ನ ನೇಟಿವ್ ಎನ್ನುತ್ತಾನೆ. ಹುಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ ಪದ ದೂರ ಬಂದಿದೆ, ಬರಲಿ.

ನಿಮ್ಮ ಅತ್ತೆಯವರ ಮಾತನ್ನು ನಾನು ತಳ್ಳಿಹಾಕಲಾರೆ. ನಮ್ಮ ಕಡೆ ‘ಮೂಲ’ ಎನ್ನುವುದು ಅಲಂಕಾರದ ಮಾತಲ್ಲ. ಕುಟುಂಬ ಎಲ್ಲಿಂದ ಹೊರಟಿತು ಎಂಬುದನ್ನು ನಾಗಬನ, ದೈವದ ಚಾವಡಿ, ತರವಾಡು ಮನೆ ಇವುಗಳಿಂದ ಗುರುತಿಸುತ್ತಾರೆ. ನಾಲ್ಕು ತಲೆಮಾರಿನಿಂದ ಮುಂಬಯಿಯಲ್ಲಿರುವವರೂ ಮೂಲ ನಾಗನಿಗೆ ತಂಬಿಲ ಕೊಡಲು ಕುಂಬಳೆ ಸೀಮೆಗೆ ಬರುವುದುಂಟು. ಆದರೆ ಅತ್ತೆಯವರ ಲೆಕ್ಕವನ್ನೇ ಹಿಡಿದರೆ ಒಂದು ತೊಡಕಿದೆ, ಅದನ್ನು ಅವರಿಗೆ ಮೆಲ್ಲನೆ ನೆನಪಿಸಬೇಕು. ಅಳಿಯಕಟ್ಟಿನಲ್ಲಿ ಕುಟುಂಬ ಸಾಗುವುದು ಹೆಣ್ಣಿನ ದಾರಿಯಲ್ಲಿ. ಕುಂಬಳೆಯ ತರವಾಡು ಅತ್ತೆಯವರದು, ಅವರ ಹೊಟ್ಟೆಯಲ್ಲಿ ಹುಟ್ಟಿದ ನಿಮ್ಮ ಯಜಮಾನರದು. ಅಲ್ಲಿಗೆ ಆ ಎಳೆ ನಿಂತಿತು. ನಿಮ್ಮ ಮಗಳ ಮೂಲ ನಿಮ್ಮ ತಾಯಿಯ ತರವಾಡು, ಅದು ಎಲ್ಲಿದೆಯೆಂದು ನಿಮ್ಮ ಪ್ರಶ್ನೆಯಲ್ಲಿ ಇಲ್ಲವೇ ಇಲ್ಲ! ಮತ್ತು ನಿಮ್ಮ ಯಜಮಾನರು ತಂದೆಯ ತಂದೆಯ ಊರನ್ನು ಹಿಡಿದಿರುವುದು ಮಕ್ಕಳಕಟ್ಟಿನ, ಅಂದರೆ ತಂದೆಯಿಂದ ಮಕ್ಕಳಿಗೆ ಸಾಗುವ ಲೆಕ್ಕ. ಒಂದೇ ಮನೆಯ ಜಗಲಿಯಲ್ಲಿ ಎರಡು ಕಟ್ಟು ಕುಳಿತು ವಾದಿಸುತ್ತಿವೆ. ಕಾನೂನಿನ ಮಟ್ಟಿಗೆ ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಪಡಿಸಿದ 1975ರ ಕಾಯ್ದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂತು. ಆಸ್ತಿಯ ವಿಷಯದಲ್ಲಿ ಅಳಿಯಸಂತಾನ ಅಲ್ಲಿಗೆ ಮುಗಿಯಿತು. ನಾಗನಿಗೆ ಆ ಕಾಯ್ದೆ ಅನ್ವಯವಾಗಿಲ್ಲ.

ಮೂಲ ಎಂಬ ಮಾತಿಗೂ ಇಂಗ್ಲಿಷಿನ ಆ ಪದದ ಹಾಗೆಯೇ ಒಂದು ಕತ್ತಲ ಮಗ್ಗುಲು ಇದೆ, ಅದನ್ನು ಹೇಳದೆ ಹೋದರೆ ಅಪ್ರಾಮಾಣಿಕತೆಯಾದೀತು. ದಕ್ಷಿಣ ಕನ್ನಡದ ಭೂವ್ಯವಹಾರದಲ್ಲಿ ಮೂಲಗೇಣಿ ಎಂದರೆ ಒಕ್ಕಲೆಬ್ಬಿಸಲಾಗದ ಶಾಶ್ವತ ಗೇಣಿ, ಚಾಲಗೇಣಿ ಎಂದರೆ ಧಣಿ ಬೇಡವೆಂದ ದಿನ ಬಿಟ್ಟು ಹೋಗಬೇಕಾದ ಗೇಣಿ. ಮೂಲ ಇದ್ದವನಿಗೆ ಭದ್ರತೆ. ಆದರೆ ‘ಮೂಲದಾಳು’ ಎಂದರೆ ತಲೆತಲಾಂತರದಿಂದ ಒಂದು ಭೂಮಿಗೆ ಅಂಟಿಕೊಂಡ ಜೀತದ ಆಳು, ಹೆಚ್ಚಾಗಿ ದಲಿತ. ಗೇಣಿದಾರನಿಗೆ ಹಕ್ಕು ಕೊಟ್ಟ ಪದವೇ ಆಳಿಗೆ ಸಂಕೋಲೆ ತೊಡಿಸಿತು. ಇಂಗ್ಲೆಂಡಿನ ನಾಟಿವುಸ್ ಮತ್ತು ನಮ್ಮ ಮೂಲದಾಳು ಒಬ್ಬರನ್ನೊಬ್ಬರು ಕಂಡವರಲ್ಲ, ಆದರೂ ಅವರಿಬ್ಬರ ಸ್ಥಿತಿ ಒಂದೇ. ಕೇರಳದಲ್ಲಿ ಜಮೀನ್ದಾರಿಕೆ ಕೊನೆಗೊಂಡದ್ದು 1970ರ ಜನವರಿ 1ರಂದು. ‘ನಿಮ್ಮ ಮೂಲ ಯಾವುದು?’ ಎಂಬ ಪ್ರಶ್ನೆ ಎಲ್ಲ ಮನೆಗಳಲ್ಲೂ ಹೆಮ್ಮೆ ಹುಟ್ಟಿಸುವುದಿಲ್ಲ. ಕೇಳುವಾಗ ಇದು ನೆನಪಿರಲಿ.

ಈಗ ಯಜಮಾನರ ವಿಟ್ಲ. ಅವರ ಅಜ್ಜ ವಿಟ್ಲದಿಂದ ಪೆರ್ಲಕ್ಕೆ ಬಂದದ್ದು 1956ಕ್ಕೆ ಮೊದಲು ಇರಬೇಕು. ಹಾಗಿದ್ದರೆ ಅವರು ರಾಜ್ಯ ಬಿಟ್ಟು ರಾಜ್ಯಕ್ಕೆ ಬಂದವರಲ್ಲ. ಒಂದೇ ಜಿಲ್ಲೆಯೊಳಗೆ ಕೆಲವು ಮೈಲಿ ನಡೆದವರು. ಈಗಿನ ಗಡಿಯ ಸಾರಡ್ಕದಲ್ಲಿ ಆಗ ಚೆಕ್‌ಪೋಸ್ಟ್ ಇರಲಿಲ್ಲ. 1940ರಲ್ಲಿ ನಿಮ್ಮ ಪೆರ್ಲ ಇರುವ ಎಣ್ಮಕಜೆಯಲ್ಲಿ ಹುಟ್ಟಿದ ಒಬ್ಬರನ್ನು ಊಹಿಸಿಕೊಳ್ಳಿ. ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರ ನವೆಂಬರ್ 1ರ ಬೆಳಿಗ್ಗೆ ಕೇರಳದ ಮಲಬಾರ್ ಜಿಲ್ಲೆಯಲ್ಲಿ ಎದ್ದರು. ಎರಡು ತಿಂಗಳಲ್ಲಿ ಮಲಬಾರನ್ನು ಒಡೆದಾಗ ಕಣ್ಣೂರು ಜಿಲ್ಲೆಯವರಾದರು. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯವರು. 2014ರಲ್ಲಿ ಮಂಜೇಶ್ವರ ತಾಲ್ಲೂಕಿನವರು. ನಡುವೆ 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲೇ ಉಳಿಯಿತು. ಇಷ್ಟೆಲ್ಲ ಆಗುವಾಗ ಆ ಮನುಷ್ಯ ತನ್ನ ಅಡಿಕೆ ತೋಟ ಬಿಟ್ಟು ಕದಲಿಲ್ಲ. ಇಂಥವರನ್ನು ‘ನಿಮ್ಮ ನೇಟಿವ್ ಸ್ಟೇಟ್ ಯಾವುದು?’ ಎಂದು ಕೇಳುವ ಫಾರಂ ತಯಾರಿಸಿದವರಿಗೆ ಒಮ್ಮೆ ನಮ್ಮ ಊರಿನ ಬಸ್ ಹತ್ತಿಸಬೇಕು.

ಕಚೇರಿಗಳ ಮಟ್ಟಿಗೆ ಹೇಳುವುದಾದರೆ, ‘ಹುಟ್ಟಿದ ಸ್ಥಳ’ ಎಂದಿದ್ದಲ್ಲಿ ಜನನ ಪ್ರಮಾಣಪತ್ರದಲ್ಲಿ ಇರುವುದನ್ನೇ ಬರೆಯಿರಿ. ಮಗಳನ್ನು ಮಂಗಳೂರಿನ ಆಸ್ಪತ್ರೆಯಲ್ಲಿ ಹೆತ್ತಿದ್ದರೆ ಮಂಗಳೂರು. ಮಂಜೇಶ್ವರದ ಅರ್ಧದಷ್ಟು ಮಕ್ಕಳು ಆ ಲೆಕ್ಕದಲ್ಲಿ ಕರ್ನಾಟಕದಲ್ಲಿ ಹುಟ್ಟಿದವರು ಎಂದು ತಮಾಷೆ ಮಾಡುವುದುಂಟು, ತಮಾಷೆಯಲ್ಲಿ ನಿಜವೂ ಇದೆ. ಕೇರಳದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಇದೇ ಗಾಬರಿ ಹುಟ್ಟಿಸುವ ಸಂಗತಿ. ಆದರೆ ಅಲ್ಲಿ ವಿದ್ಯಾರ್ಥಿ ಕೇರಳದಲ್ಲಿ ಹುಟ್ಟಿರದಿದ್ದರೂ ತಂದೆ ಅಥವಾ ತಾಯಿ ಹುಟ್ಟಿದ್ದರೆ ಕೇರಳೀಯರೆಂದು ಪರಿಗಣಿಸುತ್ತಾರೆ. ಆ ಬಂಧವನ್ನು ತೋರಿಸಲು ಕೊಡುವ ಕಾಗದಗಳಲ್ಲಿ ನೇಟಿವಿಟಿ ಸರ್ಟಿಫಿಕೇಟ್ ಒಂದು.

ಡೊಮಿಸೈಲ್ ಬೇರೆ ಮಾತು. ಲ್ಯಾಟಿನ್‌ನಲ್ಲಿ ‘ಡೋಮುಸ್’ ಎಂದರೆ ಮನೆ; ಶಾಶ್ವತವಾಗಿ ನೆಲೆಸುವ ಉದ್ದೇಶದಿಂದ ಮನೆ ಹೂಡಿದ ಜಾಗ ಎಂದು ಕಾನೂನಿನ ಅರ್ಥ. ಹುಟ್ಟಿಗೂ ಅದಕ್ಕೂ ಗಂಟು ಹಾಕಬೇಕಾಗಿಲ್ಲ. ಇನ್ನೂ ಒಂದು ವಿಚಾರ: ಭಾರತದಲ್ಲಿ ಇರುವುದು ಒಂದೇ ಡೊಮಿಸೈಲ್, ಅದು ಭಾರತದ್ದು, ರಾಜ್ಯಗಳ ವಿಷಯದಲ್ಲಿ ಆ ಪದವನ್ನು ಬಳಸುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಪ್ರದೀಪ್ ಜೈನ್ ಪ್ರಕರಣದಲ್ಲಿ ಹೇಳಿದೆ. ರಾಜ್ಯಗಳು ಕೇಳಿಸಿಕೊಂಡ ಹಾಗಿಲ್ಲ. ಮಹಾರಾಷ್ಟ್ರ ಇವತ್ತಿಗೂ ಹದಿನೈದು ವರ್ಷದ ವಾಸ ನೋಡಿ ಡೊಮಿಸೈಲ್ ಎಂಬ ಹೆಸರಿನಲ್ಲೇ ಪ್ರಮಾಣಪತ್ರ ಕೊಡುತ್ತದೆ. ಸಂವಿಧಾನ ಬರೆದವರು ಮಾತ್ರ ಪದಗಳನ್ನು ಬಿಡಿಬಿಡಿಯಾಗಿ ಇಟ್ಟಿದ್ದಾರೆ. ಸರಕಾರಿ ಉದ್ಯೋಗದಲ್ಲಿ ಭೇದ ಮಾಡಬಾರದೆನ್ನುವ 16ನೆಯ ವಿಧಿಯಲ್ಲಿ ವಂಶ, ಜನ್ಮಸ್ಥಳ, ವಾಸಸ್ಥಳ ಮೂರನ್ನೂ ಬೇರೆ ಬೇರೆ ಹೆಸರಿಸಿದ್ದಾರೆ. ನೇಟಿವ್ ಎಂದು ಉಂಡೆ ಕಟ್ಟಿಲ್ಲ. ಫಾರಂ ಬರೆಯುವವರು ಅದನ್ನು ನೋಡಿ ಕಲಿಯಬಹುದಿತ್ತು.

ಕರ್ನಾಟಕದ ಸಿಇಟಿ ಬರೆಸುವ ಯೋಚನೆ ಇದ್ದರೆ, ಅಲ್ಲಿ ನಿಮಗೆ ದಾರಿ ಬೇರೆಯೇ ಇದೆ. ಸಾಮಾನ್ಯ ಅಭ್ಯರ್ಥಿಗೆ ಕರ್ನಾಟಕದ ಶಾಲೆಗಳಲ್ಲಿ ಏಳು ವರ್ಷ ಓದಿರಬೇಕೆಂಬ ನಿಯಮ. ನಮ್ಮವರಿಗೆ ಗಡಿನಾಡು ಕನ್ನಡಿಗ ಎಂಬ ವಿಭಾಗ. ಕೇರಳದ ಮಂಜೇಶ್ವರ, ಕಾಸರಗೋಡು, ಹೊಸದುರ್ಗ, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ್ ತಾಲ್ಲೂಕುಗಳವರಿಗಾಗಿ ಇರುವ ವಿಭಾಗ ಅದು. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ವಿವರಗಳು ಬದಲಾಗುವುದುಂಟು, ಆಯಾ ವರ್ಷದ ಮಾಹಿತಿ ಪುಸ್ತಿಕೆ ಓದಿಯೇ ಅರ್ಜಿ ತುಂಬಿ. ನನಗೆ ಮೆಚ್ಚುಗೆಯಾಗುವುದು ಆ ನಿಯಮದ ಮಾತಿನ ಹದ. ಮನೆಯಲ್ಲಿ ತುಳು ಆಡುವ ಹುಡುಗಿ ಗಡಿನಾಡು ಕನ್ನಡಿಗಳಾಗಲು ತುಳುವನ್ನು ಮುಚ್ಚಿಡಬೇಕಾಗಿಲ್ಲ. ಆದ್ದರಿಂದ ಮಾತೃಭಾಷೆಯ ಕಲಂನಲ್ಲಿ ಧೈರ್ಯವಾಗಿ ತುಳು ಎಂದೇ ಬರೆಯಿರಿ. ಕೇರಳದಲ್ಲಿ ಕೇರಳೀಯಳು, ಕರ್ನಾಟಕದಲ್ಲಿ ಗಡಿನಾಡು ಕನ್ನಡಿಗಳು ಎಂದು ಎರಡು ಕಡೆ ಅರ್ಜಿ ಹಾಕುವುದರಲ್ಲಿ ಸುಳ್ಳೇನೂ ಇಲ್ಲ. ಮೊದಲನೆಯದು ಹುಟ್ಟು ಮತ್ತು ನೆಲದ ಪ್ರಶ್ನೆ, ಎರಡನೆಯದು ನೆಲ ಮತ್ತು ನುಡಿಯ ಪ್ರಶ್ನೆ.

ಭಾಷೆಯ ಬಗ್ಗೆ ಇನ್ನೂ ಸ್ವಲ್ಪ. ಮಗು ಮೊದಲು ಆಡಲು ಕಲಿತ ಭಾಷೆಯೇ ಅದರ ನೇಟಿವ್ ಭಾಷೆ ಎಂದು ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1933ರಲ್ಲಿ ಬರೆದರು. ನಮ್ಮ ಜನಗಣತಿಯ ಲೆಕ್ಕ ಸ್ವಲ್ಪ ಬೇರೆ: ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಮಾತು ಮಾತೃಭಾಷೆ, ತಾಯಿ ಶೈಶವದಲ್ಲೇ ತೀರಿಕೊಂಡಿದ್ದರೆ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಮಾತು. ಪೆರ್ಲದ ಮಗುವಿನ ಪಾಡು ನೋಡಿ. ತಾಯಿಯ ತುಳು, ಪಕ್ಕದ ಮನೆಯ ಹವ್ಯಕ ಕನ್ನಡ, ಆಟದ ಬಯಲಿನ ಬ್ಯಾರಿ, ಪೇಟೆಯ ಮಲಯಾಳ, ಶಾಲೆಯ ಪುಸ್ತಕದ ಕನ್ನಡ ಎಲ್ಲವೂ ಐದು ವರ್ಷ ತುಂಬುವುದರೊಳಗೆ ಕಿವಿಗೆ ಬಿದ್ದಿರುತ್ತವೆ. ಇದರಲ್ಲಿ ಯಾವುದು ಮೊದಲು ಎಂದು ಎಣಿಸುವುದು ಒಂದೇ ಭಾಷೆಯ ಊರಿನವರು ಕಂಡುಕೊಂಡ ಲೆಕ್ಕ. ಜನಗಣತಿಯವರು ಕೇಳಿದರೆ ತುಳು ಎನ್ನಿ. 2011ರಲ್ಲಿ ಹಾಗೆ ಹೇಳಿದವರು ಹದಿನೆಂಟು ಲಕ್ಷಕ್ಕೂ ಹೆಚ್ಚು. ಆ್ಯಪ್‌ನವರು ಕೇಳುವುದು ಮಾತೃಭಾಷೆಯನ್ನಲ್ಲ, ಪರದೆಯ ಮೇಲೆ ಯಾವ ಭಾಷೆಯಲ್ಲಿ ಓದುತ್ತೀರಿ ಎಂದು. ಅಲ್ಲಿ ಕನ್ನಡ ಒತ್ತಿ, ಮುಂದೆ ಹೋಗಿ. ತುಳು ಪಟ್ಟಿಗೆ ಸೇರುವುದೂ ದೂರದ ಮಾತಲ್ಲ. ಗೂಗಲ್ ಅನುವಾದಕ್ಕೆ 2024ರಲ್ಲಿ ತುಳು ಸೇರಿತು, ಅದೇ ವರ್ಷ ತುಳು–ತಿಗಳಾರಿ ಲಿಪಿಗೆ ಯೂನಿಕೋಡ್‌ನಲ್ಲಿ ಸ್ಥಾನ ಸಿಕ್ಕಿತು.

ಮುಂದೆ ಮಗಳು ಕೆಲಸ ಹುಡುಕುವಾಗ ‘ನೇಟಿವ್ ಸ್ಪೀಕರ್ ಮಾತ್ರ’ ಎಂಬ ಜಾಹೀರಾತು ಕಂಡೀತು. ಕನ್ನಡ ಅನುವಾದದ ಕೆಲಸವಾದರೆ, ಮನೆಮಾತು ತುಳು ಎಂದು ಅವಳು ಹಿಂಜರಿಯಬೇಕಾಗಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಕನ್ನಡದಲ್ಲೇ ಯೋಚಿಸಿ ಬರೆಯುವವರನ್ನು ಕನ್ನಡದವರಲ್ಲ ಎನ್ನುವುದಾದರೆ, ಕನ್ನಡ ಸಾಹಿತ್ಯದಿಂದ ಅರ್ಧಕ್ಕರ್ಧ ಹೆಸರು ಕಿತ್ತುಹಾಕಬೇಕಾಗುತ್ತದೆ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಈ ವಿಷಯದಲ್ಲಿ ಕೇರಳದ ಪಿಎಸ್‌ಸಿ ನನಗೆ ಹೆಚ್ಚು ಜಾಣತನದ್ದಾಗಿ ಕಾಣುತ್ತದೆ: ಕಾಸರಗೋಡಿನ ಕೆಲವು ಗುಮಾಸ್ತ ಹುದ್ದೆಗಳಿಗೆ ಅವರು ‘ಕನ್ನಡ ಮತ್ತು ಮಲಯಾಳ ಬಲ್ಲವರು’ ಎಂದು ಕರೆಯುತ್ತಾರೆ. ಬಲ್ಲೆಯಾ ಎಂದು ಕೇಳುತ್ತಾರೆ, ಯಾರ ಮಗಳು ಎಂದು ಕೇಳುವುದಿಲ್ಲ.

ನೇಟಿವ್ ಪದಕ್ಕೆ ಗಿಡಮರಗಳ ಲೋಕದಲ್ಲಿ ಇನ್ನೊಂದು ಕೆಲಸವಿದೆ. ಮನುಷ್ಯ ತಂದು ನೆಡದೆ ತಾನಾಗಿಯೇ ಆ ನೆಲದಲ್ಲಿ ಇದ್ದದ್ದು ಅಲ್ಲಿ ನೇಟಿವ್. ಆ ಅಳತೆಯಲ್ಲಿ ನಮ್ಮ ಗುಡ್ಡಗಳ ಗೇರು ಹೊರಗಿನದು, ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು. ಮಲಯಾಳದಲ್ಲಿ ಅದನ್ನು ಇಂದಿಗೂ ಪರಂಗಿಮಾವು ಎನ್ನುವುದುಂಟು. ರಬ್ಬರೂ ಬ್ರೆಜಿಲಿನದು, ಅಕೇಶಿಯಾ ಆಸ್ಟ್ರೇಲಿಯದ್ದು. ಹಟ್ಟಿಯ ಕಾಸರಗೋಡು ಗಿಡ್ಡ ದನ ಮಾತ್ರ ಈ ನೆಲದ ತಳಿ. ಈ ಅರ್ಥದಲ್ಲಿ ‘ಸ್ಥಳೀಯ’, ‘ದೇಸಿ’ ಎಂಬ ಪದಗಳು ಚೆನ್ನಾಗಿ ಒಗ್ಗುತ್ತವೆ. ಆದರೆ ನೇಟಿವ್ ಕಂಡಲ್ಲೆಲ್ಲ ಪತ್ರಿಕೆಗಳು ‘ಮೂಲನಿವಾಸಿ’ ಎಂದು ಬರೆಯುತ್ತವೆ, ಅದು ನನಗೆ ಒಪ್ಪಿಗೆಯಿಲ್ಲ. ಕೊರಗರು ತಮ್ಮನ್ನು ಈ ನೆಲದ ಮೂಲನಿವಾಸಿಗಳು ಎಂದುಕೊಂಡರೆ ಆ ಮಾತಿಗೆ ತೂಕವಿದೆ. ಬೆಂಗಳೂರಿನ ಕಂಪನಿಯ ಮ್ಯಾನೇಜರ್ ‘ಉಡುಪಿಯ ಮೂಲನಿವಾಸಿ’ ಆಗುವುದು ಬೇಡ. ‘ಉಡುಪಿಯವರು’ ಎಂದರೆ ಮುಗಿಯಿತು. ಕನ್ನಡದ ‘-ಅವರು’ ಹುಟ್ಟನ್ನೂ ವಾಸವನ್ನೂ ವಂಶವನ್ನೂ ಬಿಡಿಸಿ ಕೇಳದೆ ಒಳಗೆ ಸೇರಿಸಿಕೊಳ್ಳುತ್ತದೆ.

ಉಳಿದದ್ದು ಆ ಬರೀ ಗೆರೆ. ಅದು ಕಾಲೇಜಿನ ಹಾಸ್ಟೆಲಿನದೋ ಕಂಪನಿಯದೋ ಆಗಿರಬೇಕು. ಸರಕಾರಿ ಫಾರಂಗಳಲ್ಲಿ ಇಷ್ಟು ಬೋಳಾಗಿ ಕೇಳುವುದು ಕಡಿಮೆ. ಅವರಿಗೆ ಬೇಕಾಗಿರುವುದು ರಜೆಯಲ್ಲಿ ಹುಡುಗಿ ಎಲ್ಲಿಗೆ ಹೋಗುತ್ತಾಳೆ, ತುರ್ತಾದರೆ ಯಾವ ಊರಿಗೆ ಫೋನ್ ಮಾಡಬೇಕು ಎಂಬುದು. ಪೆರ್ಲ ಎಂದು ಬರೆಯಿರಿ. ಅಂಚೆ ವಿಳಾಸ, ಪಿನ್‌ಕೋಡ್, ಮನೆಯ ಫೋನ್ ನಂಬರ್ ಕೊಡಿ. ಜೊತೆಗೆ ಸಿಇಟಿಗೂ ಕೇರಳದ ಪ್ರವೇಶಕ್ಕೂ ಕೊಡುವ ಎಲ್ಲ ಕಾಗದಗಳಲ್ಲಿ ಮಗಳ ಹೆಸರಿನ ಅಕ್ಷರ, ಮನೆ ಹೆಸರು, ಹುಟ್ಟಿದ ಊರು ಒಂದೇ ರೀತಿ ಇದೆಯೇ ಎಂದು ಈಗಲೇ ನೋಡಿಡಿ. ಮಲಯಾಳದಲ್ಲಿ ಬರೆದುಕೊಂಡದ್ದನ್ನು ಇಂಗ್ಲಿಷಿಗೆ ಇಳಿಸುವಾಗ ‘ಳ’ ಇದ್ದಲ್ಲಿ ‘zh’ ಎಂಬ ಜೋಡಿ ಅಕ್ಷರ ಸೇರುವುದು, ಊರಿನ ಹೆಸರಿನ ಕೊನೆಗೆ ಒಂದು ‘ಅಂ’ ಅಂಟುವುದು ನಮ್ಮ ಕಡೆ ದಿನಬೆಳಗಾದರೆ ಆಗುವಂಥದು. ದಾಖಲೆ ಪರಿಶೀಲನೆಯ ಸಾಲಿನಲ್ಲಿ ನಿಂತಾಗ, ನೇಟಿವ್ ಯಾವುದು ಎಂಬುದಕ್ಕಿಂತ ಮಂಜೇಶ್ವರ ಮತ್ತು ಮಂಜೇಶ್ವರಂ ಎರಡೂ ಒಂದೇ ಎಂದು ಒಪ್ಪಿಸುವುದೇ ಹೆಚ್ಚು ಹೊತ್ತು ಹಿಡಿಯುತ್ತದೆ.